ದುಪ್ಪಟ್ಟಾಗಬೇಕಿದ್ದ ಸಂಖ್ಯೆ

ಮೊನ್ನೆ ದಾವಣಗೆರೆಯಲ್ಲಿ ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಕೂತಿದ್ದೆ. ಲ್ಯಾಬಿನ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ತೋಳಿಗೆ ಒರೆಸಿದಳು. ಆ ವಾಸನೆ ಬಂದದ್ದೇ ನಾನು ಮುಖ ತಿರುಗಿಸಿಕೊಂಡೆ. "ಸೂಜಿ ಅಂದ್ರೆ ಭಯಾನಾ ಆಂಟಿ?" ಎಂದು ನಕ್ಕಳು. ಸೂಜಿಯ ಭಯ ನನಗೆ ಹೋಗಿ ಎಷ್ಟೋ ಕಾಲವಾಯಿತು. ಅದು ಹೋದದ್ದು ಹೇಗೆಂದು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ. ಮದುವೆಯಾಗಿ ಏಳೆಂಟು ವರ್ಷವಾದರೂ ಮಕ್ಕಳಾಗಿರಲಿಲ್ಲ. ದಾವಣಗೆರೆಯ ಡಾಕ್ಟರಮ್ಮ ಒಬ್ಬರ ಹತ್ತಿರ ಚಿಕಿತ್ಸೆಗೆ ಹೋಗತೊಡಗಿದೆವು. ಇಂಜೆಕ್ಷನ್ನುಗಳೆಲ್ಲ ಮುಗಿದು, ಒಂದು ತಿಂಗಳು ಮುಟ್ಟು ನಿಂತಿತು. ನಾನು ಆಗಲೇ ಹೆಸರು ಹುಡುಕುತ್ತಿದ್ದೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಈಗ್ಲೇ ಖುಷಿ ಪಡಬ್ಯಾಡ್ರಿ. ಗರ್ಭ ನಿಂತ್ರೆ ರಕ್ತದಾಗೆ ಒಂದು ಹಾರ್ಮೋನು ಬರುತ್ತೆ. ಎರಡು ಮೂರು ದಿನಕ್ಕೊಮ್ಮೆ ಅದು ದುಪ್ಪಟ್ಟಾಗ್ತಾ ಹೋಗ್ಬೇಕು, ನೋಡೋಣ" ಅಂದರು.

ರಕ್ತ ಬೆಂಗಳೂರಿಗೆ ಹೋಗಿ, ಫಲಿತಾಂಶ ಡಾಕ್ಟರಮ್ಮನಿಗೆ ಬರುತ್ತಿತ್ತು. ಮೊದಲ ಸಂಖ್ಯೆ ಚೆನ್ನಾಗಿತ್ತು. ಶಾಲೆಯಲ್ಲಿ ಗಣಿತಕ್ಕೆ ಹೆದರಿ ಹೊಟ್ಟೆನೋವಿನ ನೆಪ ಹೇಳುತ್ತಿದ್ದ ನಾನು, ಈಗ ಒಲೆಯ ಮುಂದೆ ನಿಂತು ಅದನ್ನು ಮನಸ್ಸಿನಲ್ಲೇ ದುಪ್ಪಟ್ಟು ಮಾಡುತ್ತ, ಮತ್ತೆ ದುಪ್ಪಟ್ಟು ಮಾಡುತ್ತ ಹರಿಹರದ ಜನಸಂಖ್ಯೆಯನ್ನೂ ದಾಟಿಸಿಬಿಡುತ್ತಿದ್ದೆ. ಅಷ್ಟರಲ್ಲಿ ಅನ್ನ ತಳ ಹಿಡಿದಿರುತ್ತಿತ್ತು.

ಸುದ್ದಿ ತಿಳಿದು ಅತ್ತೆ ಕುಕ್ಕುವಾಡದಿಂದ ಬಂದರು. ಎರಡನೇ ಸಲ ರಕ್ತ ಕೊಡಲು ಹೋಗುವಾಗ ಅವರೂ ಜೊತೆಗೆ ಹೊರಟರು. ಬಸ್ಸಿನಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, "ಸಾವಕಾಶ ಹೊಡಿ ಅಂತ ಹೇಳಪ್ಪಾ ಡ್ರೈವರ್‌ಗೆ" ಎಂದು ಕಂಡಕ್ಟರನಿಗೆ ತಾಕೀತು ಮಾಡಿದರು. "ಇದು ಬಸ್ಸವ್ವಾ, ಪಲ್ಲಕ್ಕಿ ಅಲ್ಲ" ಅಂದ ಅವನು. ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ, ಹೊಟ್ಟೆ ಕುಲುಕದಂತೆ ಕೈ ಅಡ್ಡ ಹಿಡಿದು.

ಎರಡನೇ ಸಂಖ್ಯೆ ಏರಿತ್ತು, ದುಪ್ಪಟ್ಟಾಗಿರಲಿಲ್ಲ. ಸ್ವಲ್ಪ ಏರಿದರೂ ಏರಿದ್ದೇ ಅಲ್ಲವೇ ಎಂದು ಸಂತೆಯಲ್ಲಿ ಚೌಕಾಶಿ ಮಾಡುವವಳ ಹಾಗೆ ಡಾಕ್ಟರಮ್ಮನ ಜೊತೆ ವಾದಿಸಿದೆ. "ಇನ್ನೊಂದ್ಸಲ ನೋಡೋಣ್ರಿ" ಎಂದಷ್ಟೇ ಹೇಳಿದರು.

ಮೂರನೆಯದನ್ನು ಕೇಳಲು ನಾನೂ ಯಜಮಾನರೂ ಹರಿಹರದ ಎಸ್‌ಟಿಡಿ ಬೂತಿಗೆ ಹೋದೆವು. ಇವರು ಗಾಜಿನ ಬಾಗಿಲಿನ ಒಳಗೆ, ನಾನು ಹೊರಗೆ. ಮಾತು ಮುಗಿದ ಮೇಲೂ ಇವರು ರಿಸೀವರ್ ಕೆಳಗಿಡಲಿಲ್ಲ. ಹೊರಗೆ ಬಂದು, "ಇಳಿದೈತಂತೆ" ಅಂದರು. ವಾರದೊಳಗೆ ಎಲ್ಲ ಮುಗಿದುಹೋಯಿತು.

ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದರು: "ಇಳೀತು ಅಂದ್ರೆ, ಇತ್ತು ಅಂತಾನೇ ಅಲ್ಲೇನವ್ವಾ?" ನಾನು ಹೂಂ ಅಂದೆ. "ನಂದೂ ಒಂದು ಹಿಂಗೇ ಹೋತು, ನಿನ್ನ ಗಂಡ ಹುಟ್ಟೋಕಿಂತ ಮುಂಚೆ. ಇತ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ."

ಮತ್ತೊಮ್ಮೆ ಪ್ರಯತ್ನಿಸಬಹುದೆಂದು ಡಾಕ್ಟರಮ್ಮ ಹೇಳಿದಾಗ ನಾನು ಬೇಡವೆಂದೆ. "ನಿಂಗೆ ಬ್ಯಾಡಾದ್ರೆ ಬ್ಯಾಡ ಬಿಡು" ಅಂದರು ಇವರು. ಮಕ್ಕಳಾಗಲಿಲ್ಲ. ಅತ್ತೆ ತೀರಿಕೊಂಡರು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ.

ಮೊನ್ನೆ ಲ್ಯಾಬಿನಿಂದ ಹೊರಬಂದು ನಾನೂ ಇವರೂ ಇಡ್ಲಿ ತಿನ್ನಲು ಕೂತೆವು. ಅಲ್ಲಿ ಯಾಕೋ ಕೇಳಿಬಿಟ್ಟೆ: "ಅವತ್ತು ಇನ್ನೊಂದ್ಸಲ ಪ್ರಯತ್ನ ಮಾಡ್ಬೇಕು ಅನ್ಸಿತ್ತೇನ್ರಿ ನಿಮಗೆ?"

ಇವರು ಮುರಿದ ಇಡ್ಲಿಯ ಚೂರನ್ನು ತಟ್ಟೆಗೇ ವಾಪಸ್ಸು ಇಟ್ಟರು. "ಅನ್ಸಿತ್ತು. ಸೂಜಿ ಚುಚ್ಚಿಸ್ಕೊಂಡು ನಿನ್ನ ಕೈ ಎರಡೂ ನೀಲಿಗಟ್ಟಿದ್ವು. ಹೆಂಗೆ ಕೇಳ್ಲಿ?"

"ನಿಮಗೆ ಸಾಕಾಗೈತೆ ಅಂತ ನಾನು ಬ್ಯಾಡ ಅಂದಿದ್ದು."

ಇವರು ತಲೆ ಎತ್ತಿ ನನ್ನನ್ನೇ ನೋಡಿದರು. ಇಬ್ಬರಿಗೂ ತಿನ್ನಲಾಗಲಿಲ್ಲ.

ಹರಿಹರಕ್ಕೆ ಮರಳುವ ದಾರಿಯಲ್ಲಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅದು ಹೆಣ್ಣಾಗುತ್ತಿತ್ತೋ ಗಂಡಾಗುತ್ತಿತ್ತೋ ಎಂದು ಮಾತಾಡಿದೆವು. ಇವರು ಹೆಣ್ಣು ಅಂದರು. ನಾನು ಹೂಂ ಅಂದೆ.