ಒಂದು ಹಿಡಿ ಒಣ ಹೊಟ್ಟು

ಕುರುಗೋಡಿನ ಅಂಬಮ್ಮ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ, ಚಹಾ ಕುಡಿಯುವ ಮೊದಲು, ಹಿತ್ತಲಿನ ಕೋಳಿಮರಿ ಗೂಡಿಗೆ ಕೈ ಹಾಕುತ್ತಾಳೆ. ಮರಿಗಳಿಗೆ ಕಾವು ಕೊಡುವ ಬಲ್ಬಿನ ಕೆಳಗೆ ಹರಡಿದ ಭತ್ತದ ಹೊಟ್ಟನ್ನು ಒಂದು ಹಿಡಿ ತೆಗೆದು, ಬಿಗಿಯಾಗಿ ಹಿಸುಕಿ, ಬೆರಳು ಬಿಡಿಸುತ್ತಾಳೆ. ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಆ ಜಾಗದ ಹೊಟ್ಟೆಲ್ಲ ಹೊರಗೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಯಾರಿಂದ ಕಲಿತೆ ಎಂದು ಕೇಳಿದರೆ ಮಾತ್ರ ಮಾತು ಬದಲಿಸುತ್ತಾಳೆ.

ಗೋಡೆಯಾಚೆ ಅವಳ ವಾರಗಿತ್ತಿ ಪಾರಮ್ಮನ ಮನೆ. ಮಹಿಳಾ ಸಂಘದವರು ಇಬ್ಬರಿಗೂ ಸಲಕ್ಕೆ ಐವತ್ತೈವತ್ತು ಮರಿ ಕೊಡುತ್ತಿದ್ದರು. ಮೊದಲ ಸಲ ಅಂಬಮ್ಮನ ಗೂಡಿನಲ್ಲಿ ಇಪ್ಪತ್ತೆರಡು ಸತ್ತವು, ಪಾರಮ್ಮನ ಗೂಡಿನಲ್ಲಿ ಮೂರು. ಎರಡನೆಯ ಸಲ ಅಂಬಮ್ಮನಿಗೆ ಉಳಿದದ್ದೇ ಹದಿನೇಳು. ಮೂರನೆಯ ಸಲವೂ ಹೀಗಾದರೆ ಅವಳ ಪಾಲಿನ ಮರಿಯೂ ಪಾರಮ್ಮನಿಗೇ ಎಂದು ಸಂಘದಲ್ಲಿ ಮಾತಾಯಿತು. ಅಂದು ಅಂಬಮ್ಮನಿಗೆ ಊಟ ಸೇರಲಿಲ್ಲ.

ಅವಳು ಗೂಡನ್ನು ದೇವರ ಮನೆಯಂತೆ ಇಟ್ಟಿದ್ದಳು. ದಿನಾ ಗುಡಿಸಿ, ಸಗಣಿ ಸಾರಿಸಿ, ಮೇಲೆ ಹೊಟ್ಟು ಹರಡುತ್ತಿದ್ದಳು. ಪಾರಮ್ಮ ಒಮ್ಮೆಯೂ ಸಾರಿಸಿದವಳಲ್ಲ.

"ನಮ್ಮಕ್ಕನ ಗೂಡು ನೀರು ಕಂಡು ಎಷ್ಟು ದಿನ ಆತೋ," ಎಂದು ನಲ್ಲಿಯ ಹತ್ತಿರ ಅಂಬಮ್ಮ ಮೂಗು ಮುರಿಯುತ್ತಿದ್ದಳು. ಆದರೆ ಆ ಗೂಡು ನಾರುತ್ತಿರಲಿಲ್ಲ. ಅದೇ ಅವಳಿಗೆ ಉರಿ.

ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿದಾಗ, ಪಾರಮ್ಮ ಗೂಡಿನಿಂದ ಏನನ್ನೋ ಮುಷ್ಟಿಯಲ್ಲಿ ಹಿಡಿದು ಗೋಡೆಯ ಕಡೆಗೇ ಎಸೆದದ್ದು ಕಂಡಿತು. ಮರುದಿನವೂ ಅಷ್ಟೇ. ಮುಷ್ಟಿಯಲ್ಲಿ ಉಪ್ಪು ಹಿಡಿದು ದೃಷ್ಟಿ ತೆಗೆಯುವವರು ಹೀಗೆಯೇ ಎಸೆಯುತ್ತಾರೆ. ಅಂಬಮ್ಮ ನೇರ ಹೋಗಿ ನಿಂತಳು.

"ಅಕ್ಕ, ನನ್ನ ಕಣ್ಣು ಅಷ್ಟು ಕೆಟ್ಟದ್ದೇನು? ದಿನಾ ದೃಷ್ಟಿ ತೆಗಿಯಾಕತ್ತೀಯಲ್ಲ?"

ಪಾರಮ್ಮನಿಗೆ ನಗು ತಡೆಯಲಾಗಲಿಲ್ಲ. "ಯಾರ ದೃಷ್ಟಿಲೇ? ಹೊಟ್ಟು ಹಸಿ ಐತೇನಂತ ಹಿಸುಕಿ ನೋಡ್ತೀನಿ, ಉಂಡಿ ಆದದ್ದು ಒಗೀತೀನಿ. ಸಾರಿಸಬ್ಯಾಡ ಅಂತ ಮೊದಲೇ ಬಡ್ಕೊಂಡೆ. ಕೇಳಿದೇನು?"

ಹೇಳಿದ್ದು ನಿಜ. ಸೋಮಾರಿ ಹೆಂಗಸಿನ ನೆಪವೆಂದು ಅಂಬಮ್ಮ ಆಗ ನಕ್ಕಿದ್ದಳು. ದೇವರು ಕಿವಿ ಕೊಟ್ಟಿದ್ದರೂ ಹೊಟ್ಟೆಕಿಚ್ಚು ಅದಕ್ಕೆ ಅರಳೆ ತುರುಕುತ್ತದೆ.

ಮನೆಗೆ ಬಂದು ತನ್ನ ಗೂಡಿನ ಹೊಟ್ಟು ಹಿಸುಕಿದಳು. ಎಳ್ಳುಂಡೆಯ ಹಾಗೆ ನಿಂತಿತು. ಅಡಿಯಲ್ಲಿ ಸಗಣಿ ಇನ್ನೂ ತೇವವಾಗಿಯೇ ಇತ್ತು. ಘಾಟು ಕಣ್ಣಿಗೆ ಬಡಿಯಿತು. ಅಷ್ಟು ಕೆಳಗೆ ಬಗ್ಗಿ ಅವಳು ಎಂದೂ ಮೂಸಿರಲಿಲ್ಲ. ಮರಿಗಳು ಅಲ್ಲೇ ಉಸಿರಾಡುತ್ತಿದ್ದವು.

ಮೂರನೆಯ ಸಲ ಅವಳು ಸಾರಿಸಲಿಲ್ಲ. ನೆಲ ಒಣಗಿಸಿ, ಸುಣ್ಣದ ಪುಡಿ ಉದುರಿಸಿ, ನಾಲ್ಕು ಬೆರಳು ದಪ್ಪ ಹೊಟ್ಟು ಹಾಕಿದಳು. ಚೆಲ್ಲದ ಹಾಗೆ ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲಿಟ್ಟಳು. ಒಂಬತ್ತನೆಯ ದಿನಕ್ಕೆ ನಲವತ್ತೆಂಟು ಮರಿ ಓಡಾಡುತ್ತಿದ್ದವು. ಅವಳು ಮೊದಲು ಎಣಿಸಿದ್ದು ಪಾರಮ್ಮನ ಮರಿಗಳನ್ನು. ಅಲ್ಲಿ ನಲವತ್ತೇಳು.

ಅಂದೇ ಮಳೆ ಬಂದು ತಗಡು ಸೋರಿ ಅರ್ಧ ಗೂಡು ನೆನೆಯಿತು. ಅಂಬಮ್ಮ ಮರಿಗಳನ್ನು ಒಣ ಭಾಗಕ್ಕೆ ಸರಿಸಿ, ಹಲಗೆ ಅಡ್ಡವಿಟ್ಟು, ಹಸಿ ಹೊಟ್ಟನ್ನೆಲ್ಲ ಬಾಚಿ ತೆಗೆದಳು. ಮನೆಯಲ್ಲಿ ಬೇರೆ ಹೊಟ್ಟು ಇರಲಿಲ್ಲ. ಬಲ್ಬು ಆರದಂತೆ ನೋಡಿಕೊಳ್ಳಲು ಗಂಡನಿಗೆ ಹೇಳಿ, ಖಾಲಿ ಚೀಲ ಮಡಚಿಕೊಂಡು ಹೊಟ್ಟು ತರಲು ಹೊರಟಳು. ಬಾಗಿಲಲ್ಲಿ ಪಾರಮ್ಮ ತುಂಬಿದ ಚೀಲ ಇಳಿಸಿದಳು.

"ತಗೋ, ಸಿರುಗುಪ್ಪದ ಅಕ್ಕಿ ಮಿಲ್ಲಿಂದು. ಒಣಾ ಐತಿ."

ಅಂಬಮ್ಮ ಒಂದು ಹಿಡಿ ತೆಗೆದು ಹಿಸುಕಿದಳು. ಮಂಡಕ್ಕಿಯಂತೆ ಉದುರಿತು. ಕೈ ಝಾಡಿಸಿ ಚೀಲದ ಬಾಯಿ ಮತ್ತೆ ಕಟ್ಟಿದಳು.

"ಬ್ಯಾಡಕ್ಕ."

"ಹುಚ್ಚೀ, ಮರಿಗೆ ತಂಪು ಹತ್ತತೈತಿ."

"ಒಣ ಕಡೆಗೆ ಬಿಟ್ಟೀನಿ. ನೀ ಕೊಟ್ಟಿದ್ದು ಹಾಕಿದ್ರ, ಪಾರಮ್ಮ ಉಳಿಸಿದ್ಲು ಅಂತಾರ ಸಂಘದಾಗ. ಈ ಸಲ ನನ್ನ ಮರಿ ನನ್ನ ಕೈಯಾಗ ಉಳೀಲಿ. ಸಿರುಗುಪ್ಪದ ಬಸ್ಸು ಬರೋ ಹೊತ್ತಾತು, ದಾರಿ ಬಿಡಕ್ಕ."