ಗಾರೆಯಕ್ಕನ ಇಪ್ಪತ್ತೆರಡು ಹೂಗಳು

"ಎಲ್ಲಾ ಗಟ್ಟಿಮುಟ್ಟಾಗಿದೆ ಸಾರ್" ಎಂದು ಮೇಷ್ಟ್ರು ಹೇಳುವುದಕ್ಕೂ, ಚಾವಣಿಯಿಂದ ಗಾರೆಯ ಹೂವೊಂದು ಕಳಚಿ ಅವರ ಬೋಳು ನೆತ್ತಿಯ ಮೇಲೆ ಬೀಳುವುದಕ್ಕೂ ಸರಿಹೋಯಿತು. ಪಾರಂಪರಿಕ ಕಟ್ಟಡಗಳ ಕಚೇರಿಯಿಂದ ಬಂದಿದ್ದ ಅಧಿಕಾರಿ ನಗಲಿಲ್ಲ, ಬರೆದುಕೊಂಡರು. ನಕ್ಕಿದ್ದರೆ ಮೇಷ್ಟ್ರಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ.

ಸೋದರತ್ತೆಯಿಂದ ಬಂದ ಮನೆ, ವಿಕ್ಟೋರಿಯಾ ರಾಣಿಯ ಕಾಲದ್ದು. ಹಜಾರದ ಚಾವಣಿಯಂಚಿನಲ್ಲಿ ಇಪ್ಪತ್ತೆರಡು ಹೂ ಉದುರಿದ್ದವು. ಹದಿನೈದು ದಿನದಲ್ಲಿ ಹಳೆಯವಕ್ಕೆ ಹೊಂದುವಂಥವನ್ನು ಕೂರಿಸಬೇಕು, ಇಲ್ಲದಿದ್ದರೆ ವಾಸಕ್ಕೆ ಅನುಮತಿಯಿಲ್ಲ. ಇತ್ತ ಬಾಡಿಗೆ ಮನೆಯನ್ನು ತಿಂಗಳ ಕೊನೆಗೆ ಬಿಡುತ್ತೇನೆಂದು ಮೇಷ್ಟ್ರು ಬರೆದುಕೊಟ್ಟಾಗಿತ್ತು.

ಮೂರು ದಿನ ಗಾರೆ ಹೂಗಳ ಕ್ಯಾಟಲಾಗು ಹರವಿಕೊಂಡು ಕೂತರು. ದ್ರಾಕ್ಷಿ ಗೊಂಚಲು, ಚಿಪ್ಪು, ಗುಲಾಬಿ. ಯಾವುದನ್ನು ಆರಿಸಿದರೂ ಮರುಗಳಿಗೆಗೆ ಅದೇ ತಪ್ಪೆನಿಸುತ್ತಿತ್ತು. ಕೊನೆಗೆ ನೆತ್ತಿಗೆ ಬಿದ್ದದ್ದನ್ನೇ ಅಂಗಡಿಗೆ ಒಯ್ದು, ಅದರಂತೆ ದುಂಡಗೆ ಗಡ್ಡೆಗಟ್ಟಿದ್ದ ಇಪ್ಪತ್ತೆರಡನ್ನು ಹೊತ್ತು ತಂದರು.

"ಇಷ್ಟೊಂದು ಎಲೆಕೋಸು ಯಾಕೆ? ನೆಂಟರು ಬರ್ತಿದಾರಾ?" ಎಂದಳು ಹೆಂಡತಿ. ಗಂಡನ ಮುಖ ನೋಡಿ ಗಾರೆಯಕ್ಕನಿಗೆ ಹೇಳಿಕಳಿಸಿದಳು.

ಗಾರೆಯಕ್ಕ ಹದಿಮೂರನೇ ವಯಸ್ಸಿಗೇ ಅಪ್ಪನ ಹಿಂದೆ ಏಣಿ ಹತ್ತಿದವಳು. ಈಗ ಅರವತ್ತು ದಾಟಿದೆ. ಬೀದಿಯಲ್ಲಿ ಎದುರಾದವರ ಮುಖಕ್ಕಿಂತ ಅವರ ಮನೆಯ ಚಾವಣಿಯೇ ಅವಳಿಗೆ ಹೆಚ್ಚು ಪರಿಚಯ. ಮಾತು ಕಡಿಮೆ. ಗಾರೆ ಬಿಗಿಯುವಷ್ಟರಲ್ಲಿ ಕೆಲಸ ಮುಗಿಸಬೇಕಾದವರಿಗೆ ಹರಟೆಗೆ ಹೊತ್ತೆಲ್ಲಿ?

ಅವಳು ಬಿದ್ದ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಆಮೇಲೆ ಚಮಚದ ಹಿಡಿಯಿಂದ ಮೆಲ್ಲಗೆ ಕೆರೆಯತೊಡಗಿದಳು.

"ಮುರಿದ್ರೆ?" ಎಂದರು ಮೇಷ್ಟ್ರು.

"ಮುರೀಬೋದು."

ಮೇಷ್ಟ್ರು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಎರಡು ಸಲ.

ಸುಣ್ಣ ಪದರ ಪದರವಾಗಿ ಎದ್ದಿತು. "ಹೂವು ದುಂಡಗಿಲ್ಲ ಮೇಷ್ಟ್ರೇ. ವರ್ಷಾ ವರ್ಷಾ ಬಳಿದ ಸುಣ್ಣ ದುಂಡಗಿದೆ. ನೀವು ಸುಣ್ಣದ ಗಡ್ಡೆಗೆ ಜೋಡಿ ಹುಡುಕಿದೀರಿ."

ಒಳಗಿದ್ದದ್ದು ಐದು ತೆಳು ಎಸಳು. ಒಂದರ ತುದಿ ಮಡಿಚಿಕೊಂಡಿತ್ತು.

"ಬಿದ್ದಾಗ ನಜ್ಜಿರಬೇಕು. ನೆಟ್ಟಗೆ ಮಾಡ್ಬಿಡಮ್ಮ," ಎಂದು ಮೇಷ್ಟ್ರು ಗೋಗರೆದರು.

"ನಿಮ್ಮ ತಲೆಗೆ ಬಿದ್ದು ಗಾರೆ ಮಡಚಿಕೊಳ್ಳಲ್ಲ, ಒಡೆಯತ್ತೆ," ಎಂದವಳೇ ಏಣಿ ಹತ್ತಿ, ಮೇಲೆ ಉಳಿದಿದ್ದ ಹೂಗಳನ್ನೂ ಕೆರೆದಳು. ಎಲ್ಲದರಲ್ಲೂ ಅದೇ ಎಸಳು ಮಡಿಚಿಕೊಂಡಿತ್ತು. ಅಚ್ಚು ತೆಗೆದು ಇಪ್ಪತ್ತೆರಡು ಹೂ ಎರಕ ಹೊಯ್ದು ಕೂರಿಸಿದಳು.

ಹದಿನೈದನೇ ದಿನ ಅಧಿಕಾರಿ ಟಾರ್ಚು ಹಿಡಿದು, ಏಣಿ ಸರಿಸಿ ಸರಿಸಿ ಹತ್ತಿ ಚಾವಣಿಯಂಚನ್ನು ಎರಡು ಸುತ್ತು ನೋಡಿದರು. ಮೇಷ್ಟ್ರು ಕೆಳಗೆ ಫೈಲನ್ನು ತಲೆಯ ಮೇಲೆ ಹಿಡಿದು ನಿಂತಿದ್ದರು. ಅಂತೂ ಅನುಮತಿ ಪತ್ರಕ್ಕೆ ಸಹಿ ಬಿತ್ತು. ಪೆನ್ನು ಜೇಬಿಗಿಟ್ಟ ಅಧಿಕಾರಿ ಮತ್ತೆ ಕತ್ತೆತ್ತಿದರು. ಮೇಷ್ಟ್ರು ಫೈಲನ್ನು ಮತ್ತೆ ತಲೆಗೇರಿಸಿದರು.

"ಅಲ್ಲಮ್ಮ, ಇದರಲ್ಲಿ ಹಳೇದು ಯಾವುದು, ಹೊಸದು ಯಾವುದು?"

ಗಾರೆಯಕ್ಕ ಬಕೆಟ್ಟು ತೊಳೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಬೀಳೋದು ಹಳೇದು ಸಾರ್. ಹೊಸದು ಇನ್ನೂ ಶುರು ಮಾಡಿಲ್ಲ."