ಎಣಿಸಿಕೊಂಡು ತಿಂದ ಏಟುಗಳು

ರಾಯದುರ್ಗದಿಂದ ರಜೆಗೆ ಬಂದ ಅಣ್ಣ ನನ್ನ ಕೈ ಮುರಿದ. ನಾನಾಗ ಹತ್ತು ಹನ್ನೊಂದರ ಹುಡುಗಿ, ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ನೀರು ತಾ ಎಂದ. ಈ ತಟ್ಟೆ ಮುಗಿಸಿ ತರ್ತೀನಿ ಎಂದೆ. ಅಷ್ಟಕ್ಕೇ ನನ್ನ ಬಲಗೈ ಹಿಡಿದು ಹಿಂದಕ್ಕೆ ತಿರುಚಿದ. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಕೆಳಗೆ ಬಿದ್ದವಳ ಪಕ್ಕೆಗೆ ಒದ್ದ. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಯಾರೋ ಹೇಳಿದ ಕೆಲಸ ಮಾಡಿ ಮುಗಿಸುವವನ ಹಾಗಿದ್ದ.

ಹಿಂದಿನ ವರ್ಷದವರೆಗೂ ಇದೇ ಅಣ್ಣ ನೆಲಕ್ಕೆ ಬಿದ್ದ ಹುಳುವನ್ನು ಎಲೆಯ ಮೇಲೆ ಹತ್ತಿಸಿಕೊಂಡು ತಟ್ಟೆಗೆ ಬಿಡುತ್ತಿದ್ದ. ಮಡಕಶಿರದ ಪಕ್ಕದ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಅವ್ವನ ಅಣ್ಣ ರಾಯದುರ್ಗದಲ್ಲಿ ಗುಮಾಸ್ತರಾಗಿದ್ದರು. ನಮ್ಮ ಮನೆಯಲ್ಲೇ ಇದ್ದು ಓದಲಿ ಎಂದು ಅವರು ಹೇಳಿದಾಗ ಅಪ್ಪ ಹಿಗ್ಗಿನಿಂದ ಕಳಿಸಿಕೊಟ್ಟಿದ್ದ.

ನನ್ನ ಕಿರುಚಾಟ ಕೇಳಿ ಅಪ್ಪ ಓಡಿಬಂದ. ಅಣ್ಣನನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ, ಎತ್ತಿಗೆ ಬೀಸುವ ಬಾರುಕೋಲು ಎತ್ತಿಕೊಂಡ. ಮೊದಲ ಏಟು ಬಿದ್ದದ್ದೇ ಅಣ್ಣ ಗಟ್ಟಿಯಾಗಿ "ವನ್" ಎಂದ. ಎರಡನೆಯದಕ್ಕೆ "ಟೂ" ಎಂದ. ಅಳಲಿಲ್ಲ, ಬೇಡಿಕೊಳ್ಳಲಿಲ್ಲ, ಪಾಠ ಒಪ್ಪಿಸುವ ದನಿಯಲ್ಲಿ ಹೇಳುತ್ತಲೇ ಹೋದ. ಅಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ತನ್ನನ್ನೇ ಬಯ್ಯುತ್ತಿದ್ದಾನೆ ಎಂದುಕೊಂಡು ಇನ್ನೂ ಜೋರಾಗಿ ಬಾರಿಸಿದ. ಅಂಗಿ ಹರಿದು ರಕ್ತ ಚಿಮ್ಮಿತು. ಬಿಡಿಸಲು ನುಗ್ಗಿದ ಅವ್ವನ ಭುಜಕ್ಕೂ ಒಂದು ಏಟು ಬಿತ್ತು. ಆ ಏಟನ್ನು ಎಣಿಸಬೇಕೋ ಬೇಡವೋ ತಿಳಿಯದೆ ಅಣ್ಣ ತಡವರಿಸಿದ. ಆಗ ಅವನ ಕಣ್ಣಲ್ಲಿ ಕಂಡ ಭಯವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ.

"ಏನೋ ಅದು, ಏನಂತಿದೀಯ?" ಎಂದಳು ಅವ್ವ.

"ಎಣಿಸ್ತಿದೀನಿ. ತಪ್ಪಿದ್ರೆ ಮಾವ ಮೊದ್ಲಿಂದ ಶುರು ಮಾಡ್ತಾರೆ."

ಅವ್ವ ಹರಿದ ಅಂಗಿ ತೆಗೆದಳು. ಹಸಿ ಬಾಸುಂಡೆಗಳ ಕೆಳಗೆ ಹಳೆಯ ಗೆರೆಗಳು, ಒಂದರ ಮೇಲೊಂದು, ಕೆಲವು ಕಪ್ಪಾಗಿ, ಕೆಲವು ಬೆಳ್ಳಗೆ. ಅಪ್ಪ ಬಾರುಕೋಲು ಕೆಳಗಿಟ್ಟು ಹಿತ್ತಲಿಗೆ ಹೋಗಿ ಕೂತುಬಿಟ್ಟ.

ಮೂಳೆ ಕಟ್ಟುವವನು ಬಂದು ನನ್ನ ಕೈಗೆ ಬಿದಿರುಪಟ್ಟಿ ಬಿಗಿದು ಹೋದ ಮೇಲೆ ಅವ್ವ ಅಣ್ಣನ ಬಾಯಿಂದ ಒಂದೊಂದೇ ವಿಷಯ ಹೊರಡಿಸಿದಳು. ಶಾಲೆಯ ದೊಡ್ಡ ಹುಡುಗರು ಅವನ ಮಡಕಶಿರದ ಮಾತನ್ನು ಆಡಿಕೊಂಡು ಹೊಡೆಯುತ್ತಿದ್ದರು. ಹೊಡೆಸಿಕೊಂಡು ಮನೆಗೆ ಬಂದರೆ, ಹೊಡೆಸಿಕೊಂಡದ್ದಕ್ಕೆ ಮಾವ ಬೆತ್ತ ತೆಗೆಯುತ್ತಿದ್ದರು. ಒಂದು ದಿನ ಅಣ್ಣ ಒಬ್ಬನ ಹಲ್ಲು ಉದುರಿಸಿ ಬಂದ. ಅಂದು ಮಾತ್ರ ಮಾವ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸಿ, ಈಗ ಗಂಡಸಾದೆ ಎಂದರಂತೆ. ಆಮೇಲೆ ಅವನೇ ಮೊದಲು ಕೈ ಎತ್ತುವುದನ್ನು ಕಲಿತ.

ತವರಿನ ಮೇಲೆ ಜಗಳಕ್ಕೆ ಹೋಗಬೇಡ ಎಂದು ಅಪ್ಪ ಹೇಳಿದ. ಅವ್ವ ಕೇಳಲಿಲ್ಲ. ಹಿಂದೂಪುರದವರೆಗೆ ಗಾಡಿ, ಅಲ್ಲಿಂದ ರೈಲು, ಬಳ್ಳಾರಿಯಲ್ಲಿ ಇನ್ನೊಂದು ರೈಲು. ಕೈ ಕಟ್ಟಿಸಿಕೊಂಡ ನನ್ನನ್ನೂ ಜೊತೆಗೆ ಕರೆದೊಯ್ದಳು.

ಮಾವ ಜಗುಲಿಯ ಮೇಲಿದ್ದರು. ಅವ್ವ ಅವರನ್ನು ದಾಟಿ ಒಳಗೆ ಹೋಗಿ, ಬಾಗಿಲ ಹಿಂದಿದ್ದ ಬೆತ್ತ ತೆಗೆದಳು. ಹಿಂದೆಯೇ ಬಂದ ಮಾವನ ಬೆನ್ನಿಗೆ ಬೀಸಿದಳು. ಹುಟ್ಟಿದಾಗಿನಿಂದ ಬರ್ರಿ, ಕೂಡ್ರಿ ಎಂದೇ ಮಾತಾಡಿಸಿದ ತನ್ನಣ್ಣನ ಬೆನ್ನು ಅದು. ಮಾವ ಬೆತ್ತ ಹಿಡಿದುಕೊಂಡು ಅವಳ ಕೆನ್ನೆಗೆ ಬಾರಿಸಿದರು. ಅವಳ ತುಟಿ ಒಡೆಯಿತು, ಬೆತ್ತ ಬಿಡಲಿಲ್ಲ. ಅತ್ತೆ ಅಡುಗೆಮನೆಯಿಂದ ಬಂದಳು. ಬಿಡಿಸುತ್ತಾಳೆ ಎಂದುಕೊಂಡೆ. ಅವಳು ಬೀದಿಬಾಗಿಲು ಹಾಕಿ, ಅಗುಳಿ ಜಡಿದು, ಗೋಡೆಗೆ ಒರಗಿ ನಿಂತಳು. ನನ್ನ ವಯಸ್ಸಿನ ಅವಳ ಮಗ ಮೂಲೆಯಲ್ಲಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಅವನಿಗೆ ಯಾರೂ ಏನೂ ಮಾಡಿರಲಿಲ್ಲ.

"ನಮ್ಮಪ್ಪ ನನ್ನ ಹೊಡದು ಮನುಷ್ಯಾನ್ನ ಮಾಡಿದ" ಎಂದರು ಮಾವ, ಏದುಸಿರು ಬಿಡುತ್ತ.

"ಅಪ್ಪ ಹೊಡಿವಾಗ ನಾನು ಕದದ ಹಿಂದ ನಿಂತಿದ್ದೆ. ಚಡ್ಡಿ ಒದ್ದಿ ಮಾಡ್ಕೊಂಡು ನೀನು ನನ್ನ ಹತ್ರಾನ ಓಡಿ ಬರ್ತಿದ್ದೆ. ಮರ್ತೇನು?"

ಮಾವನ ಕೈ ಸಡಿಲಾಯಿತು. ಅವ್ವ ಬೆತ್ತವನ್ನು ಮೊಣಕಾಲಿಗೆ ಕೊಟ್ಟು ಮುರಿದಳು. ನಾವು ನೀರೂ ಕುಡಿಯದೆ ಹೊರಟೆವು.

ಅಣ್ಣನ ಓದು ಅಲ್ಲಿಗೇ ನಿಂತಿತು. ಅವನು ಬೇಗ ಸರಿಹೋಗಲಿಲ್ಲ. ಒಮ್ಮೆ ನೇಗಿಲು ಎಳೆಯದ ಎತ್ತಿನ ಮೂತಿಯನ್ನು ಕಲ್ಲಿನಿಂದ ಜಜ್ಜಿ, ಆಮೇಲೆ ಅದರ ಕುತ್ತಿಗೆ ತಬ್ಬಿ ಸಾಯಂಕಾಲದವರೆಗೂ ಹೊಲದಲ್ಲೇ ನಿಂತಿದ್ದ. ಅಪ್ಪನ ಕೈ ಮೇಲೆದ್ದಿತ್ತು. ಅವ್ವ ನೋಡಿದಳು, ಇಳಿಸಿಕೊಂಡ. ಹೊಡೆಯದೆ ಇರುವುದನ್ನು ಅಪ್ಪನೂ ಆ ವಯಸ್ಸಿನಲ್ಲಿ ಕಲಿಯಬೇಕಾಯಿತು. ವರ್ಷಗಳು ಹಿಡಿದವು. ಕೊನೆಕೊನೆಗೆ ಅಣ್ಣ ಸಿಟ್ಟು ಬಂದಾಗ ಯಾರಿಗೂ ಹೇಳದೆ ಎದ್ದು ಮಡಕಶಿರದ ಕೋಟೆಗುಡ್ಡ ಹತ್ತಿ, ಬೆವೆತು ಇಳಿದು ಬರುತ್ತಿದ್ದ.

ಯುದ್ಧದ ಕಾಲದಲ್ಲಿ ಮಾವನ ಮಗ, ಮೀಸೆ ಮೂಡುವ ವಯಸ್ಸಿನವನು, ತನ್ನಪ್ಪನ ತಲೆ ಒಡೆದು ಮನೆ ಬಿಟ್ಟು ಓಡಿದ. ಹಣೆಗೆ ಪಟ್ಟಿ ಕಟ್ಟಿಕೊಂಡ ಮಾವ ನಮ್ಮ ಬಾಗಿಲಿಗೆ ಬಂದು, ಇಲ್ಲಿಗೇನಾದರೂ ಬಂದಿದ್ದಾನಾ ಎಂದು ಕೇಳಿದರು. ಅಣ್ಣ ಹೆಗಲಿಗೆ ಟವಲು ಹಾಕಿಕೊಂಡು ನಡೀರಿ ಮಾವ, ಹುಡುಕೋಣ ಎಂದ. ಗುಂತಕಲ್ಲು, ಬಳ್ಳಾರಿ ಎಲ್ಲ ಸುತ್ತಿದರು. ದಂಡಿಗೆ ಸೇರಿದ ಎಂದು ಯಾರೋ ಹೇಳಿದರು. ಹುಡುಗ ಸಿಗಲೇ ಇಲ್ಲ.

ವಾಪಸು ಬಂದ ಅಣ್ಣನಿಗೆ ಅವ್ವ ಊಟಕ್ಕಿಟ್ಟು, ಮಾವ ಏನಂದರು ಎಂದು ಕೇಳಿದಳು.

"ಏನೂ ಅನ್ಲಿಲ್ಲ. ನನ್ನ ಪಕ್ಕದಲ್ಲಿ ನಡೀಲೇ ಇಲ್ಲ, ಹಿಂದೇ ಬರೋರು. ನಾನು ತಿರುಗಿ ನೋಡಿದ್ರೆ ಸಾಕು, ಮುಖಕ್ಕೆ ಕೈ ಅಡ್ಡ ಹಿಡ್ದು ನಿಂತ್ಬಿಡೋರು" ಎಂದು ಅಣ್ಣ ಮುದ್ದೆ ಮುರಿದ.